ರಾತ್ರಿ 8ಕ್ಕೆ ಲಿಂಕ್ ಫುಲ್: ಬ್ಯಾಂಡ್‌ವಿಡ್ತ್ ಎಷ್ಟು ತಗೊಳ್ಳಲಿ, ಪ್ಲಾನ್ ರೇಟ್ ಎಷ್ಟಿಡಲಿ?

ತಾಲ್ಲೂಕು_ಫೈಬರ್:
ನಮ್ಮ ಇಂಟರ್‌ನೆಟ್ ಸರ್ವೀಸಿಗೆ 1,200 ಮನೆ ಕನೆಕ್ಷನ್. ಮನೆಗಳಿಗೆ ಫೈಬರ್ ಹಂಚುವ ಜಿಪಾನ್ ಓಎಲ್‌ಟಿ ಪೆಟ್ಟಿಗೆ ಮೂರು, ತಲಾ 8 ಪಾನ್ ಪೋರ್ಟು (ಮನೆಗಳ ಕಡೆಗೆ ಫೈಬರ್ ಹೊರಡುವ ಕಿಂಡಿ), ಒಂದೊಂದು ಪೆಟ್ಟಿಗೆಗೂ ನಮ್ಮ ರೂಟರ್ ಕಡೆಗೆ 1ಜಿ (1 ಜಿಬಿಪಿಎಸ್) ಅಪ್‌ಲಿಂಕ್. ಬೆಂಗಳೂರಿನಿಂದ 2 ಜಿಬಿಪಿಎಸ್ ಬರುತ್ತೆ. ರಾತ್ರಿ 8ರಿಂದ 11ರವರೆಗೆ ಗ್ರಾಫ್ 1.9ಕ್ಕೆ ಹೋಗಿ ನಿಂತುಬಿಡುತ್ತೆ, ವಿಡಿಯೊ ಸುತ್ತುತ್ತಲೇ ಇರುತ್ತೆ. ತಲೆಗೆ 1.6 ಎಂಬಿಪಿಎಸ್ ಲೆಕ್ಕದಲ್ಲಿ 2.5 ಜಿಬಿಪಿಎಸ್ ಮಾಡಿಸಿದರೆ ಸಾಕಾ? 50 ಎಂಬಿಪಿಎಸ್ ಪ್ಲಾನನ್ನು 100 ಮಾಡಿ, ಜಿಎಸ್‌ಟಿ ಸೇರಿ 599 ಇಡೋಣ ಅಂತಿದೆ. 95ನೇ ಪರ್ಸೆಂಟೈಲ್ ಬಿಲ್ಲಿಂಗ್ (ತಿಂಗಳ ಅಳತೆಗಳಲ್ಲಿ ಮೇಲಿನ ಶೇ 5 ಬಿಟ್ಟು, ಉಳಿದದ್ದರಲ್ಲಿ ಅತಿ ಹೆಚ್ಚಿನದಕ್ಕೆ ಬಿಲ್) ಅಗ್ಗ ಅಂತಾರೆ, ನಿಜಾನಾ?

ರೂಟರ್_ಮೇಷ್ಟ್ರು:
ಸರ್, ಆ 1.6 ನಿಮ್ಮ ಪೈಪಿನ ಅಳತೆ, ಜನರ ಬೇಡಿಕೆ ಅಲ್ಲ. ಗ್ರಾಫಿನ ತಲೆ ಚಪ್ಪಟೆಯಾಗಿದೆ ಅಂದರೆ ಅದರ ಮೇಲೆ ಎಷ್ಟು ಬೇಡಿಕೆ ಇತ್ತೋ ಅದು ಕಾಣಿಸೋದೇ ಇಲ್ಲ. ಒಂದು ವಾರ ಮಿತಿ ತೆಗೆಸಿ ಅಳೆಯಿರಿ. ತಲೆಗೆ 2.5 ಬಂತು ಅನ್ನಿ: 3 ಜಿಬಿಪಿಎಸ್. ಪೀಕ್‌ನಲ್ಲಿ ಶೇ 70 ದಾಟಬಾರದು, ಹಾಗಾಗಿ 4.3 ಬೇಕು. ಶೇ 70 ಯಾಕೆ ಅಂದರೆ, ಗ್ರಾಫ್ ತೋರಿಸೋದು 5 ನಿಮಿಷದ ಸರಾಸರಿ. ಒಳಗೆ ಕ್ಷಣಮಾತ್ರ ಲಿಂಕ್ ತುಂಬಿ ಪ್ಯಾಕೆಟ್ ಬಿದ್ದರೂ ಗೆರೆ ಶೇ 85ರಲ್ಲೇ ಇರುತ್ತೆ. ಪೋರ್ಟಿನ ಡ್ರಾಪ್ ಕೌಂಟರ್ (ಬಿದ್ದ ಪ್ಯಾಕೆಟ್‌ಗಳ ಎಣಿಕೆ) ನೋಡಿ, ಗೊತ್ತಾಗುತ್ತೆ.

ಟ್ರಾನ್ಸಿಟ್ (ಬೆಂಗಳೂರಿನಿಂದ ಕೊಳ್ಳುವ ಬ್ಯಾಂಡ್‌ವಿಡ್ತ್) ಏರಿಸಿದ ಮರುದಿನವೇ ಓಎಲ್‌ಟಿ ಸಿಕ್ಕಿಹಾಕಿಕೊಳ್ಳುತ್ತೆ. ಒಂದಕ್ಕೆ 400 ಮನೆ, 2.5ರ ಲೆಕ್ಕದಲ್ಲಿ ಸರಿಯಾಗಿ 1 ಜಿಬಿಪಿಎಸ್. ಪಾನ್ ಪೋರ್ಟಿನ ಚಿಂತೆ ಬೇಡ, 50 ಮನೆಗೆ 125 ಎಂಬಿಪಿಎಸ್, ಅಲ್ಲಿ ಡೌನ್‌ಸ್ಟ್ರೀಮ್ 2.488 ಜಿಬಿಪಿಎಸ್ ಇದೆ. ಅಪ್‌ಲಿಂಕ್ 10ಜಿ ಮಾಡಿ. ಎರಡು 1ಜಿ ಸೇರಿಸಿದರೆ ಹ್ಯಾಶಿಂಗ್ (ಯಾವ ಟ್ರಾಫಿಕ್ ಯಾವ ಲಿಂಕಿಗೆ ಅಂತ ಆರಿಸುವ ಲೆಕ್ಕ) ಸಮನಾಗಿ ಹಂಚದೆ ಒಂದು ತುಂಬಿ ಇನ್ನೊಂದು ಅರ್ಧ ಖಾಲಿ ಉಳಿಯಬಹುದು.

ಲೆಕ್ಕಪತ್ರ_ನೆಟ್:
ಪರ್ಸೆಂಟೈಲ್ ವಿಷಯ: 5 ನಿಮಿಷಕ್ಕೊಂದರಂತೆ 30 ದಿನಕ್ಕೆ 8,640 ಸ್ಯಾಂಪಲ್, ಮೇಲಿನ 432 ಬಿಡ್ತಾರೆ, ಅಂದರೆ 36 ಗಂಟೆ. ನಿಮ್ಮ ಪೀಕ್ ದಿನಕ್ಕೆ 3 ಗಂಟೆ, ತಿಂಗಳಿಗೆ 90. ಪೀಕಿಗೇ ಬಿಲ್ ಬೀಳುತ್ತೆ. ಐಪಿಎಲ್ ಫೈನಲ್ ಥರದ ಒಂದೆರಡು ರಾತ್ರಿಗಷ್ಟೇ ಇದು ಉಳಿತಾಯ.

ದರವನ್ನು ಪ್ಲಾನಿನ ವೇಗದ ಮೇಲೆ ಕಟ್ಟಬೇಡಿ, ಪೀಕ್ ಎಂಬಿಪಿಎಸ್ ಮೇಲೆ ಕಟ್ಟಿ. 599ರಲ್ಲಿ ಶೇ 18 ಜಿಎಸ್‌ಟಿ ಹೋದರೆ ಕೈಗೆ 507. ಎಂಬಿಪಿಎಸ್‌ಗೆ 40 ರೂಪಾಯಿ ಕೊಡ್ತೀರಿ ಅಂದುಕೊಳ್ಳಿ: 2.5 ಭಾಗಿಸು 0.7, ಮನೆಗೆ 3.57 ಎಂಬಿಪಿಎಸ್, 143 ರೂಪಾಯಿ. ಉಳಿದ 364ರಲ್ಲಿ ಲೈಸೆನ್ಸ್ ಫೀ, ಕೇಬಲ್‌ನವರ ಪಾಲು, ಕಂಬದ ಬಾಡಿಗೆ, ಸ್ಪ್ಲೈಸಿಂಗ್ (ಫೈಬರ್ ಬೆಸೆಯೋದು), ಕರೆಂಟು. 50ನ್ನು 100 ಮಾಡಿದ ಮಾತ್ರಕ್ಕೆ ಪೀಕ್ ದುಪ್ಪಟ್ಟಾಗಲ್ಲ, ಸಿನಿಮಾ ಓಡೋಕೆ ಬೇಕಾದಷ್ಟೇ ಎಳೆಯುತ್ತೆ. ಹಾಗಾಗಿ ಪ್ಲಾನ್ ಏರಿಸಿ, ಆದರೆ ಲಿಂಕ್ ದೊಡ್ಡದಾದ ಮೇಲೆ.

ರೂಟರ್_ಮೇಷ್ಟ್ರು:
4.3 ಪೂರ್ತಿ ಟ್ರಾನ್ಸಿಟ್‌ನಲ್ಲೇ ಖರೀದಿಸಬೇಡಿ. ನೆಟ್‌ಫ್ಲೋ (ಟ್ರಾಫಿಕ್ ಎಲ್ಲಿಂದ ಬರುತ್ತೆ ಅಂತ ತೋರಿಸುವ ರೂಟರ್ ದಾಖಲೆ) ಹಾಕಿ, ಎಎಸ್ (ಒಂದೊಂದು ದೊಡ್ಡ ನೆಟ್‌ವರ್ಕಿನ ಗುರುತಿನ ಸಂಖ್ಯೆ) 15169 (ಗೂಗಲ್), 32934 (ಮೆಟಾ), 2906 (ನೆಟ್‌ಫ್ಲಿಕ್ಸ್) ಎಷ್ಟು ತಿನ್ನುತ್ತಿವೆ ನೋಡಿ. ಆ ಪಾಲಿಗೆ ಪಿಯರಿಂಗ್ (ಆ ನೆಟ್‌ವರ್ಕ್‌ಗಳ ಜೊತೆ ನೇರ ಜೋಡಣೆ) ಅಥವಾ ಕ್ಯಾಶ್ (ಅವರ ವಿಡಿಯೊಗಳ ಪ್ರತಿ ಹತ್ತಿರದಲ್ಲೇ ಇಟ್ಟ ಸರ್ವರ್) ಟ್ರಾಫಿಕ್‌ನ ದರ ಬೇರೆಯಾಗಿ ಕೇಳಿ.