ಕಾಲೇಜು ಮುಗಿದು ಎಂಟು ತಿಂಗಳು, ಊರಂಚಿನ ಬಡಾವಣೆಯಲ್ಲಿದ್ದೇನೆ: ಇಲ್ಲಿಂದಲೇ ಕೆಲಸ ಹುಡುಕಲಾ, ಮೊದಲು ಹೊರಡಲಾ?

ಕೊನೇ ನಿಲ್ದಾಣ:

ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ ಎಂಟು ತಿಂಗಳಾಯಿತು. ಹಾಸ್ಟೆಲ್ ಖಾಲಿ ಮಾಡಿ ಅಪ್ಪ ಅಮ್ಮನ ಮನೆಗೆ ಬಂದಿದ್ದೇನೆ. ಎರಡು ತಿಂಗಳಿದ್ದು ಹೊರಡೋಣ ಅಂತ ಬಂದವಳು ನಾನು. ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಗಳು ಇನ್ನೂ ಮಂಚದ ಕೆಳಗೇ ಇವೆ. ಬಿಚ್ಚಿದರೆ ಇಲ್ಲೇ ಉಳಿದುಬಿಡುತ್ತೇನೇನೋ ಅನ್ನಿಸುತ್ತದೆ.

ನಮ್ಮದು ನಗರದ ಅಂಚಿನ ಬಡಾವಣೆ. ಬಸ್ಸಿಗೆ ಇದೇ ಕೊನೇ ನಿಲ್ದಾಣ. ಒಂಬತ್ತೂವರೆಗೆ ಸಂದರ್ಶನ ಅಂದರೆ ಆರೂ ಐವತ್ತರ ಬಸ್ ಹಿಡಿಯಬೇಕು. ಮುಂದಿನದು ಎಷ್ಟು ಹೊತ್ತಿಗೆ ಬರುತ್ತದೆ ಅಂತ ನಂಬೋಕಾಗಲ್ಲ. ಹೋದ ತಿಂಗಳು ಒಂದು ಕಡೆ ಸಂದರ್ಶನ ಚೆನ್ನಾಗಿಯೇ ಆಯಿತು. ಕೊನೆಗೆ ಮನೆ ಎಲ್ಲಿ ಅಂತ ಕೇಳಿದರು. ಹೇಳಿದೆ. "ಅಷ್ಟು ದೂರದಿಂದ ದಿನಾ ಬರ್ತೀರಾ?" ಅಂದವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಆ ಟಿಕ್ ಅನ್ನೋ ಸದ್ದು ಇನ್ನೂ ಕಿವಿಯಲ್ಲಿದೆ.

ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅರ್ಜಿ ಹಾಕಿದ ದಿನ, ಹುದ್ದೆ, ಏನಾಯಿತು ಅಂತ ಮೂರು ಕಾಲಂ. ಇವತ್ತಿಗೆ 143 ಅರ್ಜಿ. 19 ಕಡೆಯಿಂದ ಉತ್ತರ. 4 ಸಂದರ್ಶನ. ಮೂರನೇ ಕಾಲಂ ಹೆಚ್ಚುಕಮ್ಮಿ ಖಾಲಿ. ಇಲ್ಲ ಅಂದಿದ್ದರೆ ಇಲ್ಲ ಅಂತ ಬರೆದುಕೊಳ್ಳಬಹುದು. ಏನೂ ಹೇಳದಿದ್ದರೆ ಅಲ್ಲಿ ಏನು ಬರೆಯೋದು?

ಇದರ ಜೊತೆಗೆ ಸುತ್ತಲಿನ ಜಾಗವೂ ಸೊರಗುತ್ತಿದೆ. ನಾನು ಶಾಲೆಗೆ ಹೋಗುವಾಗ ನಿಲ್ದಾಣದ ಎದುರು ಹನ್ನೊಂದು ಅಂಗಡಿ ಇದ್ದವು. ಈಗ ನಾಲ್ಕು. ಮುಚ್ಚಿದ ಪುಸ್ತಕದಂಗಡಿಯ ಹೆಸರಿನ ಅಕ್ಷರಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಆದರೂ ಹೆಸರು ಓದಬಹುದು. ಬಿಸಿಲಿಗೆ ಗೋಡೆಯೆಲ್ಲ ಮಾಸಿದೆ, ಅಕ್ಷರ ಇದ್ದ ಜಾಗದಲ್ಲಿ ಮಾತ್ರ ಬಣ್ಣ ಹೊಸದಾಗಿಯೇ ಇದೆ. ದಿನಾ ಸಂಜೆ ಅದರ ಮುಂದೆ ನಡೆದು ಹೋಗುತ್ತೇನೆ. ನನ್ನ ಜೊತೆ ಓದಿದವರು ಯಾರೂ ಇಲ್ಲಿಲ್ಲ. ಎದುರಿಗೆ ಸಿಗುವವರು ಒಂದೋ ನಿವೃತ್ತರು, ಇಲ್ಲ ಶಾಲೆಯ ಮಕ್ಕಳು.

ಫೋನಿನಲ್ಲಿ ಸಂದರ್ಶನ ಇದ್ದಾಗ ಅಮ್ಮ ನಲ್ಲಿಯನ್ನೂ ತಿರುಗಿಸುವುದಿಲ್ಲ. ಬಾಗಿಲಾಚೆ ಸುಮ್ಮನೆ ನಿಂತಿರುತ್ತಾರೆ. ಮುಗಿದ ಮೇಲೆ ಏನಾಯಿತು ಅಂತ ಕೇಳುವುದಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಕೈಯಲ್ಲಿ ಸ್ವಲ್ಪ ಉಳಿತಾಯ ಇದೆ. ನಗರದ ಮಧ್ಯದಲ್ಲಿ ರೂಮ್ ಹಿಡಿದು ಹುಡುಕುವುದು ಒಳ್ಳೇದಾ, ಇಲ್ಲೇ ಇದ್ದು ಹುಡುಕಿದರೂ ಆಗುತ್ತಾ? ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ದಾರಿಹೋಕ:

ನನ್ನ ಅನುಭವ ಹೇಳ್ತೀನಿ, ಸಲಹೆ ಅಂತ ತಗೋಬೇಡಿ. ನಾನು ಮೊದಲು ಹೊರಟವನು. ಮೂವರು ಸೇರಿ ಒಂದು ರೂಮ್ ಮಾಡಿದೆವು. ಸಂದರ್ಶನಕ್ಕೆ ಹೋಗಿಬರುವುದು ಸುಲಭವಾಯಿತು, ಅದು ನಿಜ. ಆದರೆ ನಾಲ್ಕನೇ ತಿಂಗಳಿಗೆ ದುಡ್ಡು ಮುಗಿಯಿತು. ಆಮೇಲೆ ಬೇಕಾದ ಕೆಲಸ ಹುಡುಕೋಕೆ ಆಗಲಿಲ್ಲ, ಸಿಕ್ಕಿದ್ದಕ್ಕೆ ಸೇರಿಕೊಂಡೆ. ಓದಿದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅಲ್ಲಿಂದ ಹೊರಬರೋಕೆ ಎರಡು ವರ್ಷ ಹಿಡಿಯಿತು. ಕೈಯಲ್ಲಿ ಆರು ತಿಂಗಳ ಖರ್ಚು ಇಲ್ಲದಿದ್ದರೆ ಅವಸರ ಬೇಡ. ಮನೆಯಲ್ಲಿ ಬಾಡಿಗೆ ಇಲ್ಲ ಅನ್ನೋದು ದೊಡ್ಡ ಬಲ. ಅದರಿಂದ ಬೇಡದ ಕೆಲಸಕ್ಕೆ ಬೇಡ ಅನ್ನಬಹುದು.

ಹಳೇ ಬಡಾವಣೆಯವಳು:

ತಂಗಿ, ನಿನ್ನ ನೋಟ್‌ಬುಕ್ಕಿನ ಮೂರನೇ ಕಾಲಂ ಓದಿ ನನ್ನ ಡೈರಿಯೇ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ನಾನೂ ಹೀಗೇ ಇದ್ದೆ. ಕೆಲಸ ಸಿಗೋಕೆ ಹದಿನಾಲ್ಕು ತಿಂಗಳು ಬೇಕಾಯಿತು. ಸಿಕ್ಕಿದ್ದು ಹೇಗೆ ಅನ್ನೋದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮನೆಯಲ್ಲಿ ಕೂರೋಕಾಗದೆ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ನನ್ನ ಎದುರಿನ ಕುರ್ಚಿಯಲ್ಲಿ ವಾರಕ್ಕೊಮ್ಮೆ ಒಬ್ಬರು ಬಂದು ಕೂರುತ್ತಿದ್ದರು. ಹೆಸರೂ ಗೊತ್ತಿರಲಿಲ್ಲ. ಒಂದು ದಿನ ನನ್ನ ಪೆನ್ನಿನ ಶಾಯಿ ಮುಗಿಯಿತು, ಅವರ ಹತ್ತಿರ ಕೇಳಿದೆ. ವಾಪಸ್ ಕೊಡುವಾಗ ಏನು ಬರೀತಿದ್ದೀಯಮ್ಮ ಅಂದರು. ಅರ್ಜಿ ಅಂದೆ. ಅವರು ನೀರಿನ ಮೀಟರ್‌ಗಳ ಲೆಕ್ಕ ಇಡುವ ಒಂದು ಸಣ್ಣ ಕಚೇರಿಯಲ್ಲಿದ್ದರು. ಬಂದ ರೀಡಿಂಗ್‌ಗಳನ್ನು ತಾಳೆ ನೋಡೋಕೆ ಜನ ಬೇಕಿತ್ತಂತೆ. ಆ ಕೆಲಸದ ಜಾಹೀರಾತು ಎಲ್ಲೂ ಬಂದಿರಲಿಲ್ಲ. ಹೋದೆ, ಸಿಕ್ಕಿತು. ಹಿಂದಿನ ತಿಂಗಳಿಗಿಂತ ಈ ತಿಂಗಳ ಅಂಕಿ ಕಡಿಮೆ ಇದ್ದರೆ ಎಲ್ಲೋ ತಪ್ಪಿದೆ ಅಂತ ಹುಡುಕುವುದು. ಎಷ್ಟೋ ಸಲ 6172 ಅನ್ನೋದನ್ನು 6127 ಅಂತ ಬರೆದಿರುತ್ತಿದ್ದರು. ನನ್ನ ಇವತ್ತಿನ ಕೆಲಸ ಶುರುವಾಗಿದ್ದು ಆ ಅಂಕಿಗಳಿಂದ.

ಇದು ಬರೀ ಅದೃಷ್ಟ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞರ ಲೇಖನ ಓದಿದೆ. ಅದು 1973ರದ್ದು. ಬಾಸ್ಟನ್ ಪಕ್ಕದ ನ್ಯೂಟನ್ ಅನ್ನೋ ಉಪನಗರದಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಅವರು ಮಾತಾಡಿಸಿದ್ದರು. ನೋಡು, ಅದೂ ನಿನ್ನ ಹಾಗೆ ನಗರದ ಹೊರಗಿನ ಜಾಗವೇ. ಪರಿಚಯದವರಿಂದ ಕೆಲಸ ಸಿಕ್ಕವರನ್ನು ಕೇಳಿದರೆ, ಆ ಪರಿಚಯದವರು ವಾರಕ್ಕೆ ಎರಡು ಸಲವಾದರೂ ಸಿಗುತ್ತಿದ್ದವರು ಅಂದವರು ಶೇ. 16.7 ಮಾತ್ರ. ಯಾವಾಗಲಾದರೊಮ್ಮೆ ಸಿಗುತ್ತಿದ್ದವರು ಅಂದವರು ಶೇ. 55.6. ವರ್ಷಕ್ಕೆ ಒಂದು ಸಲವೋ ಅದಕ್ಕಿಂತ ಕಡಿಮೆಯೋ ಅಂದವರು ಶೇ. 27.8. ಹತ್ತಿರದವರಿಗೆ ಗೊತ್ತಿರುವುದು ಜಾಸ್ತಿ ನಮಗೂ ಗೊತ್ತಿರುತ್ತದೆ. ಅರೆಬರೆ ಪರಿಚಯದವರು ಬೇರೆ ಕಡೆ ಓಡಾಡುತ್ತಿರುತ್ತಾರೆ, ಬೇರೆ ಸುದ್ದಿ ತರುತ್ತಾರೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲಿಂಕ್ಡ್‌ಇನ್ ಬಳಸುವ ಸುಮಾರು 2 ಕೋಟಿ ಜನರ ಅಧ್ಯಯನ ಬಂತು. ಅದರಲ್ಲೂ ತೀರಾ ಹತ್ತಿರದವರಿಗಿಂತ, ತೀರಾ ದೂರದವರಿಗಿಂತ, ಮಧ್ಯದ ಪರಿಚಯದವರಿಂದಲೇ ಕೆಲಸ ಬದಲಿಸೋಕೆ ಜಾಸ್ತಿ ಸಹಾಯವಾಗಿತ್ತು.

ಹಾಗಾಗಿ ನಿನ್ನ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸುತ್ತೇನೆ. ಇರೋದಾ ಹೊರಡೋದಾ ಅನ್ನೋದಕ್ಕಿಂತ, ವಾರದಲ್ಲಿ ಎಷ್ಟು ಹೊಸ ಜನರ ಜೊತೆ ಮಾತಾಡುತ್ತಿದ್ದೀಯಾ? 143 ಅರ್ಜಿ ಕಳಿಸಿದ್ದೀಯಲ್ಲಾ, ಅದರಲ್ಲಿ ಎಷ್ಟು ಒಬ್ಬ ಮನುಷ್ಯರ ಹೆಸರಿಗೆ ಹೋಗಿವೆ? ಕಾಲೇಜಿನಲ್ಲಿ ಎರಡು ಸಲ ಮಾತಾಡಿಸಿ ಬಿಟ್ಟ ಸೀನಿಯರ್, ಪ್ರಾಜೆಕ್ಟ್ ನೋಡೋಕೆ ಬಂದ ಹೊರಗಿನ ಪರೀಕ್ಷಕರು, ಇಂಥವರ ಪಟ್ಟಿ ಮಾಡು. ಅವರನ್ನು ಕೆಲಸ ಕೊಡಿ ಅಂತ ಕೇಳಬೇಡ. ನಿಮ್ಮ ಕಚೇರಿಯಲ್ಲಿ ನನ್ನಂಥವಳು ಏನು ಮಾಡಬಹುದು ಅಂತ ಕೇಳು. ಅದಕ್ಕೆ ಉತ್ತರ ಕೊಡೋದು ಯಾರಿಗೂ ಕಷ್ಟವಲ್ಲ.

ಇನ್ನೊಂದು, ಮಾಡಿ ತೋರಿಸುವ ಒಂದು ಕೆಲಸ ಕೈಯಲ್ಲಿರಲಿ. ನಿನಗೆ ಲೆಕ್ಕ ಗೊತ್ತು. ಮನೆ ಎದುರೇ ನಂಬೋಕಾಗದ ಬಸ್ ಇದೆ. ಅದರ ಲೆಕ್ಕವನ್ನೇ ಯಾಕೆ ಹಾಕಬಾರದು? ರೆಸ್ಯೂಮೆಯನ್ನು ಒಂದೇ ಕಾಲಂನಲ್ಲಿ ಸಾದಾ ಇಡು. ಚೌಕ, ಚಿತ್ರ ಇದ್ದರೆ ಅರ್ಜಿ ಜಾಲಾಡುವ ಸಾಫ್ಟ್‌ವೇರ್ ಕೆಲವು ಸಲ ತಪ್ಪಾಗಿ ಓದುತ್ತದೆ.

ಮೊದಲ ಕೆಲಸ ಚಿಕ್ಕದಾದರೆ ಜೀವನವೇ ಹಾಗಾಯಿತು ಅಂದುಕೊಳ್ಳಬೇಡ. ಆರ್ಥಿಕ ಹಿಂಜರಿತದ ವರ್ಷಗಳಲ್ಲಿ ಕಾಲೇಜು ಮುಗಿಸಿದವರನ್ನು ಕೆನಡಾದಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ ಒಂದಿದೆ. ಶುರುವಿನಲ್ಲಿ ಅವರ ಗಳಿಕೆ ಸುಮಾರು ಶೇ. 9 ಕಡಿಮೆ ಇತ್ತು. ಐದು ವರ್ಷಕ್ಕೆ ಆ ಅಂತರ ಅರ್ಧವಾಯಿತು, ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಮ್ಮಿ ಮುಚ್ಚಿಹೋಯಿತು. ಮೇಲೆ ಬಂದವರು ಒಂದೇ ಕಡೆ ಕೂರದೆ, ಸ್ವಲ್ಪ ಸ್ವಲ್ಪ ಒಳ್ಳೆಯ ಕಂಪನಿಗೆ ಬದಲಾಯಿಸುತ್ತಾ ಹೋದವರು. ಹತ್ತು ವರ್ಷ ಕಡಿಮೆ ಸಮಯವಲ್ಲ, ಗೊತ್ತು. ಆದರೂ ಆ ದಿನಗಳಲ್ಲಿ ಯಾರಾದರೂ ನನಗೆ ಇದನ್ನು ಹೇಳಿದ್ದರೆ ರಾತ್ರಿ ನಿದ್ದೆ ಬರುತ್ತಿತ್ತು.

ಅಮ್ಮನಿಗೆ ನೀನೇ ಹೇಳು. ಅವರು ಕೇಳಲಿ ಅಂತ ಕಾಯಬೇಡ.

ನಕಾಶೆ:

ನಾನು ನಗರ ಯೋಜನೆಯಲ್ಲಿ ಕೆಲಸ ಮಾಡುವವನು. ಕೆಲಸ ಹುಡುಕುವ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಆ ಮುಚ್ಚಿದ ಅಂಗಡಿಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಹಳೇ ಊರು ನೂರಾರು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆಳೆದಿರುತ್ತದೆ. ಅಲ್ಲಿ ಅಜ್ಜ, ಮಗ, ಮೊಮ್ಮಗು ಎಲ್ಲ ವಯಸ್ಸಿನವರೂ ಇರುತ್ತಾರೆ. ಬಡಾವಣೆ ಹಾಗಲ್ಲ. ಒಂದೇ ಸಲ ಕಟ್ಟುತ್ತಾರೆ, ಒಂದೇ ವಯಸ್ಸಿನವರು ಒಟ್ಟಿಗೆ ಬರುತ್ತಾರೆ, ಒಟ್ಟಿಗೆ ಮುದುಕರಾಗುತ್ತಾರೆ. ನ್ಯೂಯಾರ್ಕ್ ಹೊರಗಿನ ಲೆವಿಟೌನ್‌ನಲ್ಲಿ 1947ರಿಂದ 1951ರ ಒಳಗೆ 17,000ಕ್ಕೂ ಹೆಚ್ಚು ಮನೆ ಎದ್ದವು. ಟೋಕಿಯೊ ಪಕ್ಕದ ತಾಮಾ ನ್ಯೂಟೌನ್‌ಗೆ 1971ರಲ್ಲಿ ಜನ ಬರೋಕೆ ಶುರುಮಾಡಿದರು, ಜಾಸ್ತಿ ಎಳೇ ಸಂಸಾರಗಳೇ. ಮಕ್ಕಳು ಬೆಳೆದು ಹೊರಟರು. ಆಮೇಲೆ ಶಾಲೆಗಳು ಮುಚ್ಚಿದವು, ಅಂಗಡಿ ಸಾಲುಗಳು ಖಾಲಿಯಾದವು. ಯಾರೂ ತಪ್ಪು ಮಾಡಿರಲಿಲ್ಲ.

ಇನ್ನು ಮಾಲ್‌ಗಳು. ಅಮೆರಿಕದ ಎಡೈನಾದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಅನ್ನೋ ಮಾಲ್ ಪೂರ್ತಿ ಒಂದೇ ಸೂರಿನಡಿ ಇರುವ ಮಾಲ್‌ಗಳಿಗೆಲ್ಲ ಮಾದರಿಯಾಯಿತು. ಅದರ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ಮನಸ್ಸಿನಲ್ಲಿದ್ದದ್ದು ಬರೀ ಅಂಗಡಿ ಅಲ್ಲ. ಸುತ್ತ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ ಎಲ್ಲ ಇರುವ ಊರಿನ ನಡುಮನೆ ಆಗಬೇಕು ಅಂತ ಅವರ ಆಸೆ. ಬೇರೆಯವರು ಅಂಗಡಿ ಮತ್ತು ಕಾರು ನಿಲ್ಲಿಸುವ ಜಾಗ ಮಾತ್ರ ತೆಗೆದುಕೊಂಡರು. ಕೊನೆಗಾಲದಲ್ಲಿ ಇದು ನಾನು ಬಯಸಿದ್ದಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದರು.

ನಿಮ್ಮ ನಿಲ್ದಾಣದ ಎದುರು ಏಳು ಅಂಗಡಿ ಹೋದಾಗ ಬರೀ ಸಾಮಾನು ಸಿಗುವ ಜಾಗ ಹೋಗಲಿಲ್ಲ. ಪೆನ್ನು ಕೇಳೋಕೆ ಎದುರಿಗೆ ಒಬ್ಬರು ಕೂತಿರುವ ಜಾಗ ಹೋಯಿತು. ಹಾಗಾಗಿ ನಿಮಗೆ ಒಂಟಿ ಅನ್ನಿಸುವುದು ನಿಮ್ಮ ಸ್ವಭಾವದಿಂದಲ್ಲ. ನಾನು ಇದನ್ನು ನಕ್ಷೆಯಲ್ಲಿ ದಿನಾ ನೋಡುತ್ತೇನೆ, ಆದರೂ ಬೇಸರವಾಗುತ್ತದೆ.

ಕೊನೇ ನಿಲ್ದಾಣ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ದಾರಿಹೋಕರೇ, ಲೆಕ್ಕ ಹಾಕಿ ನೋಡಿದೆ, ನನ್ನ ಹತ್ತಿರ ಆರು ತಿಂಗಳ ಖರ್ಚು ಇಲ್ಲ. ಸದ್ಯಕ್ಕೆ ಇಲ್ಲೇ ಇರುತ್ತೇನೆ.

ಅಕ್ಕಾ, ನೀವು ಹೇಳಿದ ಹಾಗೆ ಬಸ್ ಲೆಕ್ಕ ಶುರುಮಾಡಿದೆ. ಹನ್ನೆರಡು ದಿನ ಬೆಳಿಗ್ಗೆ ಆರೂವರೆಯಿಂದ ಹತ್ತರವರೆಗೆ ನಿಲ್ದಾಣದ ಕಲ್ಲಿನ ಮೇಲೆ ಕೂತು ಒಂದೊಂದು ಬಸ್ ಬಂದ ಹೊತ್ತನ್ನೂ ಬರೆದುಕೊಂಡೆ. ನಾವು ಕ್ಲಾಸಿನಲ್ಲಿ ಓದಿದ್ದ ಒಂದು ವಿಷಯ ಕಣ್ಣೆದುರೇ ಕಾಣಿಸಿತು. ಬಸ್ಸುಗಳ ನಡುವೆ ಸರಾಸರಿ 30 ನಿಮಿಷ ಇದ್ದರೆ ನಾವು ಸರಾಸರಿ 15 ನಿಮಿಷ ಕಾಯುತ್ತೇವೆ ಅಂದುಕೊಳ್ಳುತ್ತೇವೆ, ಅಲ್ವಾ? ಬಸ್ ಸಮಯಕ್ಕೆ ಸರಿಯಾಗಿ ಬಂದರೆ ಮಾತ್ರ ಅದು ಸರಿ. ಒಂದು ಸಲ 10 ನಿಮಿಷಕ್ಕೆ, ಇನ್ನೊಂದು ಸಲ 50 ನಿಮಿಷಕ್ಕೆ ಬಂದರೆ ಸರಾಸರಿ ಅಂತರ ಅದೇ 30. ಆದರೆ ನಿಲ್ದಾಣಕ್ಕೆ ಬರುವವರಲ್ಲಿ ಜಾಸ್ತಿ ಜನ ಆ ಉದ್ದದ 50 ನಿಮಿಷದೊಳಗೇ ಬಂದು ಸಿಕ್ಕಿಕೊಳ್ಳುತ್ತಾರೆ. ಹಾಗಾಗಿ ಕಾಯುವುದು ಸರಾಸರಿ 22 ನಿಮಿಷದ ಹತ್ತಿರ. ಬಸ್ಸಿನ ಸಂಖ್ಯೆ ಒಂದೂ ಹೆಚ್ಚಿಸದೆ, ಸಮಯ ಸರಿಮಾಡಿದರೆ ಸಾಕು, ಒಬ್ಬೊಬ್ಬರಿಗೆ ಸರಾಸರಿ ಏಳು ನಿಮಿಷದಷ್ಟು ಉಳಿಯುತ್ತದೆ. ನಮ್ಮ ನಿಲ್ದಾಣದ ಅಂಕಿಗಳೂ ಹೆಚ್ಚುಕಮ್ಮಿ ಹೀಗೇ ಇವೆ.

ಕೂತಿದ್ದಾಗ ಜನ ಬಂದು ಏನು ಬರೀತಿದ್ದೀಯಮ್ಮ ಅಂತ ಕೇಳಿದರು. ಹತ್ತು ವರ್ಷದಿಂದ ಮುಖ ಮಾತ್ರ ಗೊತ್ತಿದ್ದವರ ಹೆಸರು ಈಗ ಗೊತ್ತಾಗಿದೆ. ಒಬ್ಬರು ತಮ್ಮ ಮಗಳು ಯಾವ ಕೆಲಸದಲ್ಲಿದ್ದಾಳೆ ಅಂತ ಹೇಳಿ, ಮಾತಾಡು ಅಂತ ನಂಬರ್ ಕೊಟ್ಟರು. ಇನ್ನೂ ಮಾಡಿಲ್ಲ, ನಾಳೆ ಮಾಡುತ್ತೇನೆ.

ಅರೆಬರೆ ಪರಿಚಯದವರ ಪಟ್ಟಿಯಲ್ಲಿ ಹದಿನೇಳು ಹೆಸರು ಬಂದವು. ಒಂಬತ್ತು ಜನಕ್ಕೆ ಬರೆದೆ, ಐವರು ಉತ್ತರ ಕೊಟ್ಟರು. ಅದರಲ್ಲಿ ಒಬ್ಬರು ನನಗಿಂತ ಮೂರು ವರ್ಷ ಸೀನಿಯರ್. ನಮ್ಮಲ್ಲಿ ಸದ್ಯಕ್ಕೆ ಜಾಗವಿಲ್ಲ, ಆದರೆ ಬಸ್ ಲೆಕ್ಕ ನೋಡಬೇಕು, ಗುರುವಾರ ಬಾ ಅಂದಿದ್ದಾರೆ. ಮೂರನೇ ವರ್ಷದ ಪ್ರಾಜೆಕ್ಟ್ ವರದಿಯನ್ನೂ ತರೋಕೆ ಹೇಳಿದರು. ಅದು ಎಲ್ಲಿದೆ ಅಂತ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಅಮ್ಮನೂ ನಾನೂ ಮಂಚದ ಕೆಳಗಿನ ಪೆಟ್ಟಿಗೆಗಳನ್ನೆಲ್ಲ ಎಳೆದು ಬಿಚ್ಚಿದೆವು. ಕೊನೇ ಪೆಟ್ಟಿಗೆಯಲ್ಲಿ ಸಿಕ್ಕಿತು. ಗುರುವಾರ ಯಾರ ಹತ್ತಿರ ಹೋಗುತ್ತಿದ್ದೇನೆ, ಯಾಕೆ ಅಂತ ಬಿಚ್ಚುವಾಗಲೇ ಅಮ್ಮನಿಗೆ ಹೇಳಿದೆ. ಆರೂ ಐವತ್ತರ ಬಸ್ಸಿಗೇ ಹೋಗು, ಅದೊಂದು ಸಮಯಕ್ಕೆ ಬರುತ್ತೆ ಅಂದರು. ನನ್ನ ಲೆಕ್ಕದಲ್ಲೂ ಹಾಗೇ ಇದೆ.