ಸಹಾಯ ಬೇಕು: ಬುರ್ಲಿ ಹಕ್ಕಿ ಹಿಂದೆ ಓಡುವ ಪಾಯಿಂಟರ್ ನಾಯಿಗೆ ನಿಲ್ಲೋದು ಕಲಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ ಜಿಲ್ಲೆ, ಚಿತ್ತಾಪುರ ಕಡೆ ಹಳ್ಳಿ. ಎರಡು ವರ್ಷದ ಹೆಣ್ಣು ಪಾಯಿಂಟರ್ (ಹಕ್ಕಿ ವಾಸನೆ ಹಿಡಿದು ನಿಂತು ತೋರಿಸುವ ಬೇಟೆ ನಾಯಿ ತಳಿ) ಇದೆ, ಪರಿಚಯದವರು ಊರು ಬಿಡುವಾಗ ಕೊಟ್ಟು ಹೋದರು. ಬೆಳಿಗ್ಗೆ ತೊಗರಿ ಹೊಲದ ಬದುವಿನ ಮೇಲೆ ಹೋಗುವಾಗ ಒಮ್ಮೆಲೇ ನಿಂತುಬಿಡುತ್ತದೆ. ಒಂದು ಮುಂಗಾಲು ಮೇಲೆ, ಬಾಲ ನೆಟ್ಟಗೆ, ಮೂಗಿನ ಹೊಳ್ಳೆ ಮಾತ್ರ ಅಲ್ಲಾಡುತ್ತಿರುತ್ತದೆ. ಮುಂದೆ ಹುಲ್ಲಲ್ಲಿ ಬುರ್ಲಿ ಇದೆ ಅಂತಲೇ ಅರ್ಥ. ನೋಡೋಕೆ ಎಷ್ಟು ಚೆಂದ ಗೊತ್ತಾ!

ಆದರೆ ಹಕ್ಕಿ ಬುರ್ರಂತ ಎದ್ದ ಕೂಡಲೇ ಹಿಂದೆ ಓಡುತ್ತದೆ, ಎಷ್ಟು ಕರೆದರೂ ಕೇಳಲ್ಲ. ಹೋದ ವಾರ ನೆಲದ ಮೇಲಿನ ಗೂಡು ತುಳಿದು ಮೂರು ಮೊಟ್ಟೆ ಒಡೆಯಿತು, ತುಂಬಾ ಸಂಕಟ ಆಯ್ತು.

ಬೇಟೆಗೆ ಕೇಳುತ್ತಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡು ಬುರ್ಲಿ ಹಿಡಿಯೋದೇ ತಪ್ಪು. ಹೊರದೇಶಗಳಲ್ಲಿ ಈ ನಾಯಿಗಳಿಗೆ ಹಕ್ಕಿ ಹಾರಿದರೂ ನಿಂತಲ್ಲೇ ನಿಲ್ಲೋದು ಕಲಿಸುತ್ತಾರೆ, ನನಗೆ ಅದೊಂದು ಬೇಕು. ಉದ್ದ ಹಗ್ಗ ಕಟ್ಟಿ 'ನಿಲ್ಲು' ಅಂತ ಹೇಳಿಕೊಡುತ್ತಿದ್ದೇನೆ, ಅಂಗಳದಲ್ಲಿ ಕೇಳುತ್ತದೆ, ಹೊಲದಲ್ಲಿ ಸುಮ್ನೆ ಎಳೆಯುತ್ತದೆ. ಹೊಡೆಯೋದು ಮಾತ್ರ ನನ್ನಿಂದ ಆಗಲ್ಲ. ಪಾಯಿಂಟರ್ ಸಾಕಿದವರು ಇದ್ದರೆ ದಯವಿಟ್ಟು ಹೇಳಿ. ಬೀದರ್, ಯಾದಗಿರಿ ಕಡೆಯವರಾದರೆ ನಾಯಿ ಕರೆದುಕೊಂಡು ನಾನೇ ಬರುತ್ತೇನೆ.