ಹೆಲ್‌ಬಾಯ್ ಎಲ್ಲಿಂದ ಶುರು ಮಾಡಿಸಲಿ?

ಗಂಗಾವತಿ ಓದುಗ:
ಅಕ್ಕನ ಮಗ ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ದೆವ್ವದ ಕಥೆ ಅಂದ್ರೆ ಪ್ರಾಣ. ದೆವ್ವಗಳ ಜೊತೆ ಹೊಡೆದಾಡುವ ಕೆಂಪು ಮೈಯ ರಾಕ್ಷಸನ ಕಥೆ, ಮೈಕ್ ಮಿನ್ಯೋಲಾ ಅವರ ಹೆಲ್‌ಬಾಯ್ ಕಾಮಿಕ್ಸ್ ಕೊಡಿಸೋಣ ಅಂತಿದ್ದೇನೆ. 1994ರ ಮೊದಲ ಕಥೆ 'ಸೀಡ್ ಆಫ್ ಡಿಸ್ಟ್ರಕ್ಷನ್'ನಿಂದಲೇ ಹೋಗಬೇಕಾ? ರಕ್ತಪಾತ ಜಾಸ್ತಿ ಇದೆಯಾ?

ತೋರಣಗಲ್ಲು ನೈಟ್‌ಶಿಫ್ಟ್:
ಅಣ್ಣ, ಮೊದಲು 'ದಿ ಕಾರ್ಪ್ಸ್' ಕೊಡಿ. ಚಿಕ್ಕ ಕಥೆ. 1959ರ ಐರ್ಲೆಂಡ್. ತೊಟ್ಟಿಲ ಕೂಸನ್ನು ಕದ್ದು, ಅದರ ಜಾಗದಲ್ಲಿ ಇನ್ನೇನನ್ನೋ ಮಲಗಿಸಿರುತ್ತಾರೆ. ಹೆಲ್‌ಬಾಯ್ ಕಬ್ಬಿಣ ಮುಟ್ಟಿಸಿದ ಕೂಡಲೇ ಅದರ ಬಣ್ಣ ಬಯಲಾಗುತ್ತದೆ. ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಕಬ್ಬಿಣ ಇಡ್ತಾರಲ್ಲ, ಅದೇ ನಂಬಿಕೆ ಅಲ್ಲೂ ಇದೆ! ಕೂಸು ವಾಪಸ್ ಬೇಕಾದರೆ ಬೆಳಗಾಗುವುದರೊಳಗೆ ಒಂದು ಹೆಣವನ್ನು ಮಣ್ಣು ಮಾಡಬೇಕು. ಆ ಹೆಣ ಅವನ ಬೆನ್ನೇರಿ ಮಾತಾಡುತ್ತದೆ. ವಿಕ್ರಮ ಬೇತಾಳ ಓದಿ ಬೆಳೆದವರು ಇದನ್ನು ಬಿಡಲೇಬಾರದು.
ಹೊಡೆದಾಟ ಇದೆ. ಆದರೆ ಹೆದರಿಸೋದು ರಕ್ತವಲ್ಲ, ಕಪ್ಪು ಮಸಿ. ಅರ್ಧ ಮುಖ, ಅರ್ಧ ಗೋಡೆ ಕತ್ತಲಲ್ಲೇ ಇರುತ್ತದೆ. ನಡುವೆ ಅವನ ಕೆಂಪು ಮೈ ಮಾತ್ರ ಎದ್ದು ಕಾಣುತ್ತದೆ.

ಸಿಂಧನೂರು ಕಾಲುವೆ:
ನಾನು ಒಪ್ಪಲ್ಲ ರೀ. ಮೊದಲ ಕಥೆಯೇ ಬೇಕು. 1944ರಲ್ಲಿ ನಾಜಿಗಳ ಜೊತೆ ಸೇರಿ ರಷ್ಯಾದ ಮಾಂತ್ರಿಕ ರಾಸ್ಪುಟಿನ್ ಮಾಟ ಮಾಡುತ್ತಾನೆ, ಕೂಸು ಹೆಲ್‌ಬಾಯ್ ಭೂಮಿಗೆ ಬೀಳುತ್ತಾನೆ. ಪ್ರೊಫೆಸರ್ ಬ್ರೂಮ್ ಮಗನಂತೆ ಸಾಕುತ್ತಾರೆ. ಲೋಕ ಮುಳುಗಿಸಲು ಹುಟ್ಟಿದವನೇ ಲೋಕ ಕಾಯಲು ನಿಲ್ಲುತ್ತಾನೆ. ಅವನಿಗೆ ಕಲ್ಲಿನ ಬಲಗೈ ಯಾಕಿದೆ ಅನ್ನೋದೇ ಇಡೀ ಸರಣಿಯ ಜೀವ. ಇದು ಗೊತ್ತಿಲ್ಲದೆ ಓದಿದರೆ ಅರ್ಧ ರುಚಿ ಹೋಯ್ತು.

ಗಂಗಾವತಿ ಓದುಗ:
ಬೇತಾಳ ಅಂದ ಮೇಲೆ ಮುಗೀತು. 'ದಿ ಕಾರ್ಪ್ಸ್' ಮೊದಲು, ಆಮೇಲೆ 1994ರದ್ದು. ಇಬ್ಬರಿಗೂ ಥ್ಯಾಂಕ್ಸ್.